ನಾಲ್ಕನೇ ಬಟ್ಟಲು

"ಮೂರೇ ಬಟ್ಲಾ?" ಅಂದರು ಅಪ್ಪಯ್ಯ.

ಸೋಮವಾರ ಬೆಳಿಗ್ಗೆ. ಕೈಯಲ್ಲಿ ಚಾ ಲೋಟ ಹಿಡಿದು ಅವರು ಸೃಷ್ಟಿ ಚಿತ್ರ ಬಿಡಿಸಿದ್ದ ಚಾರ್ಟಿನ ಮೇಲೆ ಬಗ್ಗಿದ್ದರು. ಶೂ ಲೇಸು ಕಟ್ಟುತ್ತಿದ್ದ ಸೃಷ್ಟಿ ತಲೆ ಎತ್ತಿದಳು.

"ಎಂತ ಅಪ್ಪಯ್ಯ?"

"ಬಟ್ಲ್ ಮೂರು. ಚೂಪು ಟೊಪ್ಪಿ ಮೂರು. ಬಸ್ಸಿನ ಟಿಕೆಟೂ ಮೂರು. ನಾಲ್ಕನೇದ್ ಯಾರ್ ಕದ್ಕಂಡ್ ಹೋದ್ರ್ ಮಗಾ?"

ತಮ್ಮ ರೋಷನ್ ಬ್ರೆಡ್ ಅಗಿಯುತ್ತಲೇ ಕಿಸಕ್ಕನೆ ನಕ್ಕ. ಸೃಷ್ಟಿ ಚಾರ್ಟು ನೋಡಿದಳು. ಹೌದಲ್ಲ! ಅಮ್ಮ, ರೋಷನ್, ತಾನು. ವಾರವಿಡೀ ಕೂತು ಬಣ್ಣ ಹಚ್ಚಿದ್ದಳು, ಒಂದು ಸಲವೂ ಗಮನಕ್ಕೆ ಬಂದಿರಲಿಲ್ಲ.

ಅದು ಮಿಸ್ ಹಾರ್ಪರ್ ಕೊಟ್ಟ ಹೋಮ್‌ವರ್ಕ್. ಡಬ್ಬಿಯೊಳಗಿಂದ ಒಂದು ಚೀಟಿ ಎತ್ತಬೇಕು. ಅದರಲ್ಲಿರುವ ಊರಿಗೆ ಮನೆಯವರೆಲ್ಲ ವೀಕೆಂಡ್ ಬ್ರೇಕ್ ಹೋದರೆ ಎರಡು ದಿನ ಏನೇನು ಮಾಡುತ್ತೀರಿ ಅಂತ ಪ್ಲಾನ್ ಬರೆಯಬೇಕು. ವಿಮಾನದಲ್ಲಿ ಹೋಗಿ ಬರುವ ಹೊತ್ತು ಲೆಕ್ಕಕ್ಕಿಲ್ಲ. ಸೃಷ್ಟಿಗೆ ಬಂದದ್ದು ವಿಯೆಟ್ನಾಮಿನ ಸಾ ಡೆಕ್ ಎಂಬ ಪುಟ್ಟ ನಗರ. ಅದಕ್ಕೇ ಅಲ್ಲಿಯವರು ಹಾಕುವ ಆ ಚೂಪು ಟೊಪ್ಪಿಗಳು.

ಅಪ್ಪಯ್ಯ ರೇನರ್ಸ್ ಲೇನಿನ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದರು. ಶನಿವಾರ, ಭಾನುವಾರ ಅಲ್ಲಿ ಬಾಗಿಲಾಚೆಗೂ ಕ್ಯೂ. ಅವರಿಗೆ ರಜೆ ಸೋಮವಾರ. ಆವತ್ತು ಮಕ್ಕಳಿಗೆ ಸ್ಕೂಲು. ಹಾಗಾಗಿ ಸ್ಟ್ರಾಟ್‌ಫರ್ಡಿನ ಪಾರ್ಕಿಗೆ ಹೋದರೂ ಮೂರು ಜನ, ಬರ್ತ್‌ಡೇ ಪಾರ್ಟಿಗೆ ಹೋದರೂ ಮೂರು ಜನ. ಕಿಂಗ್ಸ್‌ಬರಿಯ ಅವರ ಫ್ಲ್ಯಾಟಿನ ಅಡುಗೆಮನೆಯಲ್ಲಿ ಮೇಜು ಗೋಡೆಗೆ ಒತ್ತಿಕೊಂಡಿತ್ತು, ಅದಕ್ಕೂ ಮೂರೇ ಕುರ್ಚಿ. ಚಾರ್ಟಿನಲ್ಲಿ ಸೃಷ್ಟಿ ಬರೆದ ಮೇಜೂ ಥೇಟ್ ಹಾಗೆಯೇ ಇತ್ತು.

"ಸಾರಿ ಅಪ್ಪಯ್ಯ, ನಾನು..."

"ಎಂತಕ್ಕೆ ಸಾರಿ? ಶನಿವಾರ ನಂಗೆ ರಜೆ ಇಲ್ಲೆ ಅಲ್ದಾ? ನೀ ಬರ್ದದ್ ಸರಿಯೇ ಇತ್ತ್."

ಅವರು ನಗುತ್ತಲೇ ಅಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಸೃಷ್ಟಿಗೆ. ಸ್ಕೂಲಿನಲ್ಲಿ ಮ್ಯಾಥ್ಸ್ ನಡೆಯುವಾಗಲೂ ಆ 'ಸರಿಯೇ ಇತ್ತ್' ಕಿವಿಯಲ್ಲೇ ಕೂತಿತ್ತು. ಬುಧವಾರ ಚಾರ್ಟು ತೋರಿಸಬೇಕು. ಅಷ್ಟರೊಳಗೆ ಅಪ್ಪಯ್ಯನನ್ನು ಸಾ ಡೆಕ್‌ಗೆ ಹೊರಡಿಸಲೇಬೇಕು.

ಸಂಜೆ ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ಅವರ ಪಕ್ಕ ಕೂತಳು.

"ಹೂವಿನ ಗಾರ್ಡನ್ ನೋಡಿ ಅಪ್ಪಯ್ಯ. ಕೆಳಗೆ ಫುಲ್ ನೀರು!"

ನೀರಿನ ಮೇಲೆ ಮರದ ಅಟ್ಟಣಿಗೆ. ಅದರ ಮೇಲೆ ಸಾಲು ಸಾಲಾಗಿ ಸೇವಂತಿಗೆಯ ಬುಟ್ಟಿಗಳು. ನಡುವೆ ಒಬ್ಬ ಹೆಂಗಸು ದೋಣಿಯಲ್ಲಿ ಕೂತು ಗಿಡಗಳನ್ನು ನೋಡಿಕೊಳ್ಳುತ್ತಿದ್ದಳು.

ಅಪ್ಪಯ್ಯ ಕನ್ನಡಕ ಹಾಕಿಕೊಂಡರು. ಕುಂದಾಪುರದ ಗದ್ದೆಯ ಕೆಸರಿನಲ್ಲಿ ಬೆಳೆದವರು ಅವರು. "ಅಬ್ಬಬ್ಬ! ನೆರೆ ಬಂದ್ರೂ ಬುಡ ಕೊಳೆಯೂದಿಲ್ಲೆ. ಬುದ್ಧಿ ಕಾಣ್ ಅವ್ರ್ದ್!"

ಮುಂದಿನ ವಿಡಿಯೋದಲ್ಲಿ ಇನ್ನೊಬ್ಬ ಹೆಂಗಸು. ಹಬೆಯಾಡುವ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದಿದ್ದಳು. ಅದರ ಮೇಲೆ ಅಕ್ಕಿ ಹಿಟ್ಟು ಹುಯ್ದು, ತೆಳ್ಳಗೆ ಹರಡಿ, ಮುಚ್ಚಳ ಮುಚ್ಚಿ, ಬಿದಿರ ಕಡ್ಡಿಯಿಂದ ಮೆಲ್ಲಗೆ ಎತ್ತಿದಳು.

"ತಡಿ, ತಡಿ! ಹಿಂದೆ ಹಾಕ್!" ಅಪ್ಪಯ್ಯ ಎದ್ದೇ ನಿಂತರು. "ನೀರ್‌ದೋಸೆ ಮಾರಾಯ್ತಿ ಇದ್! ಕಾವ್ಲಿ ಬ್ಯಾಡ, ಎಣ್ಣೆ ಬ್ಯಾಡ, ಹಬೆ ಮೇಲೆ ನೀರ್‌ದೋಸೆ! ಗುಣಾ, ಇಲ್ಲಿ ಬಾ, ಕಾಣ್!"

"ರಜೆ ದಿನವೂ ನಿಮ್ಗೆ ದೋಸೆಯೇ ಆಯ್ಕಾ?" ಅಂದಳು ಅಮ್ಮ ಗುಣವತಿ. ಆದರೂ ಬಂದು ನೋಡಿದಳು.

ಅಪ್ಪಯ್ಯ ಅದನ್ನು ನಾಲ್ಕು ಸಲ ನೋಡಿದರು. "ಇವ್ಳ್ ಅಂಗಡಿ ಎಷ್ಟೊತ್ತಿಗೆ?"

"ಬೆಳಿಗ್ಗೆ ಫೈವ್."

"ಹಂಗಾರೆ ನಾಲ್ಕೂವರೆಗೆ ಅಲ್ಲಿರ್ಕ್. ಹಿಟ್ಟ್ ಹದ ಮಾಡೂದ್ ಕಾಣ್ಕಲೆ!" ಅವರು ಚಾರ್ಟಿನ ಪಟ್ಟಿಯ ಮೇಲೆ ಬೆರಳಿಟ್ಟರು. "ಹನ್ನೊಂದ್ ಜಾಗ! ನಮ್ ಹೋಟ್ಲಿನ ಆರ್ಡರ್ ಚೀಟಿ ಕಂಡಂಗಿತ್ತ್. ಒಂದ್ ಕಡೆಯಾದ್ರೂ ಕೂಕಂಬುಕೆ ಬಿಡ್ತ್ಯಾ ಇಲ್ಯಾ?"

"ದೋಣೀಲಿ ಕೂತ್ಕೊಳ್ತೀವಲ್ಲ!"

"ಅದೂ ಹನ್ನೆರಡೇ ನಿಮಿಷ!"

ಇಬ್ಬರೂ ಸೇರಿ ಕತ್ತರಿಸುತ್ತಾ ಹೋದರು. ಹೂವಿನ ತೋಟ ಉಳಿಯಿತು. ಹಬೆ ದೋಸೆಯ ಅಂಗಡಿ ಉಳಿಯಿತು. ನದಿ ದಂಡೆ ಉಳಿಯಿತು. ಮ್ಯೂಸಿಯಂ ಹೋಗಿ, ಆ ಜಾಗಕ್ಕೆ ಮಧ್ಯಾಹ್ನದ ನಿದ್ದೆ ಬಂತು.

"ಈಗ ಸಮ ಆಯ್ತ್. ಆರೆ, ಶನಿವಾರ..." ಅಪ್ಪಯ್ಯ ಚಾರ್ಟಿನಲ್ಲಿದ್ದ ದಿನದ ಹೆಸರು ತೋರಿಸಿದರು.

ಸೃಷ್ಟಿ ಬಿಳಿ ಕಾಗದ ಕತ್ತರಿಸಿ ಶನಿವಾರದ ಮೇಲೆ ಅಂಟಿಸಿದಳು. ಸೋಮವಾರ ಅಂತ ಬರೆದಳು. ಭಾನುವಾರ ಹೋಗಿ ಮಂಗಳವಾರವಾಯಿತು.

"ಮಂಗಳವಾರ ದೋಸೆ ಹಾಕುಕೆ ಯಾರ್?"

"ನಿಮ್ಮ ಹೋಟೆಲಿನ ಸಂಪತಣ್ಣ ಇದ್ದಾರಲ್ಲ, ಸ್ವಾಪ್ ಮಾಡ್ಕೊಳ್ಳಿ!"

ಅಪ್ಪಯ್ಯ ಜೋರಾಗಿ ನಕ್ಕರು. ನಾಲ್ಕನೇ ಟೊಪ್ಪಿ ಬಂತು, ನಾಲ್ಕನೇ ಟಿಕೆಟ್ ಬಂತು. ಬಟ್ಟಲಿಗೆ ಮಾತ್ರ ಚಿತ್ರದ ಮೇಜಿನ ಮೇಲೆ ಜಾಗವಿರಲಿಲ್ಲ. ಕೊನೆಗೆ ಸೃಷ್ಟಿ ಕುರ್ಚಿಗಳ ಹಿಂದೆ ಅಪ್ಪಯ್ಯ ನಿಂತಂತೆ ಬರೆದು, ಬಟ್ಟಲನ್ನು ಅವರ ಕೈಯಲ್ಲೇ ಇಟ್ಟಳು.

ಬುಧವಾರ ಕ್ಲಾಸಿನಲ್ಲಿ ಮಯೂರ್ ಕೈ ಎತ್ತಿದ. "ಮಿಸ್, ಸೋಮವಾರ ವೀಕೆಂಡ್ ಅಲ್ಲ!"

ಸೃಷ್ಟಿ ಚಾರ್ಟನ್ನು ಇನ್ನಷ್ಟು ಎತ್ತಿ ಹಿಡಿದಳು. "ನಮ್ಮ ಮನೇಲಿ ಅದೇ ವೀಕೆಂಡ್," ಅಂದಳು. "ಡ್ಯಾಡ್ ಇರೋದು ಆವತ್ತೇ."

ಕೂಡಲೇ ಹಿಂದಿನ ಸಾಲಿನಿಂದ, ಅಪ್ಪ ಬಸ್ ಓಡಿಸುವ ಹುಡುಗಿ ಕೂಗಿದಳು, "ನಮ್ಮದು ಬುಧವಾರ!" ಇನ್ನೊಬ್ಬ, "ನಮ್ಮದು ಮಂಗಳವಾರ!"

ಮಯೂರ್ ತಲೆ ಕೆರೆದುಕೊಂಡ. "ನಮ್ಮಮ್ಮ ಹಾಸ್ಪಿಟಲ್ ಡಾಕ್ಟರ್. ಹೋದ ವಾರ ಗುರುವಾರ ಇತ್ತು. ಈ ವಾರ ವೀಕೆಂಡೇ ಇಲ್ಲ." ಎಲ್ಲರೂ ನಕ್ಕರು, ಅವನೂ ನಕ್ಕ.

ಸ್ಕೂಲಿಗೆ ಒಂದು ವಾರದ ಹಾಫ್ ಟರ್ಮ್ ರಜೆ ಬಂತು. ಸೋಮವಾರ ಎಲ್ಲರೂ ಮನೆಯಲ್ಲಿ. ಅಪ್ಪಯ್ಯ ಇಡ್ಲಿ ಪಾತ್ರೆಯ ಬಾಯಿಗೆ ಬಿಳಿ ಬಟ್ಟೆ ಬಿಗಿದರು. ಮೊದಲನೆಯದು ಹರಿಯಿತು. ಎರಡನೆಯದು ಬಟ್ಟೆ ಬಿಟ್ಟು ಏಳಲಿಲ್ಲ. ಮೂರನೆಯದು ಚಿಂದಿಯಾಯಿತು, ಆ ಚಿಂದಿಯನ್ನು ರೋಷನ್ ತಿಂದ. ನಾಲ್ಕನೆಯದು ಮಾತ್ರ ಇಡಿಯಾಗಿ ಎದ್ದು ಬಂತು. ಎಷ್ಟು ತೆಳ್ಳಗೆ ಅಂದರೆ, ಹಿಂದಿನ ಬೆರಳು ಕಾಣುತ್ತಿತ್ತು.

"ಬಂತ್! ಕಾಣಿ, ಬಂತ್!" ಅಪ್ಪಯ್ಯ ಕುಣಿದೇಬಿಟ್ಟರು. "ನೀವ್ ಕೂಕಣಿ, ನಾ ಹಾಕ್ತೆ."

ಮೂವರೂ ಕೂತರು. ಅಪ್ಪಯ್ಯ ಎಲ್ಲರಿಗೂ ಬಡಿಸಿ, ತಮ್ಮ ಬಟ್ಟಲನ್ನು ಕೈಯಲ್ಲಿ ಹಿಡಿದು ಒಲೆಯ ಪಕ್ಕ ನಿಂತರು.

ಫ್ರಿಜ್ಜಿನ ಮೇಲೆ ಚಾರ್ಟು ಅಂಟಿಸಿತ್ತು. ಸೃಷ್ಟಿ ಅದನ್ನು ನೋಡಿದಳು, ಅಪ್ಪಯ್ಯನನ್ನು ನೋಡಿದಳು. ಅಲ್ಲೂ ನಿಂತಿದ್ದಾರೆ, ಇಲ್ಲೂ ನಿಂತಿದ್ದಾರೆ.

ಅವಳು ಎದ್ದಳು. "ರೋಷನ್, ಆ ಕಡೆ ಹಿಡ್ಕೋ."

"ಯಾಕೆ?"

"ಜಸ್ಟ್ ಪುಲ್!"

ಮೇಜು ಕಿರ್ರೆಂದು ಗೋಡೆ ಬಿಟ್ಟು ಈಚೆ ಬಂತು. ಹಿಂದೆ ಧೂಳು, ಒಂದು ಕ್ರೇಯಾನ್, ಯಾವತ್ತೋ ಕಳೆದುಹೋಗಿದ್ದ ರೋಷನ್‌ನ ಡೈನೋಸಾರ್. ಸೃಷ್ಟಿ ಬಾತ್‌ರೂಮಿನ ಸ್ಟೂಲ್ ತಂದು ಗೋಡೆಯ ಕಡೆ ಇಟ್ಟಳು.

"ಮಗಾ, ಹಬೆ ಮೇಲೆ ಒಂದ್ ದೋಸೆ ಇತ್ತಲೆ..."

"ಆಫ್ ಮಾಡಿ ಅಪ್ಪಯ್ಯ."

ಒಲೆ ಟಿಕ್ ಎಂದಿತು. ಅಪ್ಪಯ್ಯ ಬಂದು ಕೂತರು. ಸ್ಟೂಲು ಎಷ್ಟು ಗಿಡ್ಡ ಅಂದರೆ ಮೇಜಿನ ಮೇಲೆ ಅವರ ತಲೆ ಮಾತ್ರ ಕಂಡಿತು. ನಕ್ಕು ನಕ್ಕು ಅಮ್ಮನ ಕಣ್ಣಲ್ಲಿ ನೀರು ಬಂತು.

ತಿಂದಾದ ಮೇಲೆ ಅಮ್ಮ ಮೇಜನ್ನು ಹಿಂದಕ್ಕೆ ತಳ್ಳಲು ಹೋದಳು.

"ಅಲ್ಲೇ ಇರಲಿ ಅಮ್ಮ," ಅಂದಳು ಸೃಷ್ಟಿ.