ನಜ್ಲಾ ಹಚ್ಚಿದ ಒಲೆ

ಶನಿವಾರ ದೇವರು ವಿಶ್ರಮಿಸಿದ ದಿನವೆಂದು ಯಹೂದಿಗಳಾದ ನಾವು ಬೆಂಕಿ ಮುಟ್ಟುವುದಿಲ್ಲ. ನೆರೆಮನೆಯ ಅರಬ್ ಹೆಂಗಸು ನಜ್ಲಾ ಬಂದು ಒಲೆ ಹಚ್ಚಿಕೊಡುತ್ತಿದ್ದಳು. ನಲವತ್ತೆಂಟರಲ್ಲಿ ನಮ್ಮೂರು ಹೈಫಾಕ್ಕಾಗಿ ಯಹೂದಿಗಳಿಗೂ ಅರಬ್ಬರಿಗೂ ನಡೆದ ಕಾಳಗದಲ್ಲಿ ಅವಳೂ ಅವಳ ಕಡೆಯವರೆಲ್ಲರೂ ಬಂದರಿಗೆ ಓಡಿ ದೋಣಿ ಹತ್ತಿದರು. ಅವಳು ಬದುಕಿರಲೆಂದು ನಾನೂ ನನ್ನಾಕೆಯೂ ಪ್ರಾರ್ಥಿಸಿದೆವು.

ಕಾಳಗ ಮುಗಿದ ಮೇಲಿನ ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕಡ್ಡಿ ಗೀರಿದ ಸದ್ದಾಯಿತು.

"ಏನಣ್ಣ, ಇವತ್ತೂ ನಿಮ್ ದೇವರಿಗೆ ರಜಾನಾ?"

"ಬಂದ್ಳು ಕಣೇ, ನಜ್ಲಾ ಬಂದ್ಳು!" ಎಂದು ಕೂಗುತ್ತ ಓಡಿದೆ. ನನ್ನಾಕೆ ಅಳುತ್ತ ನಗುತ್ತ ಹಿಂದೆಯೇ ಬಂದಳು. ಅಲ್ಲಿ ಯಾರೂ ಇರಲಿಲ್ಲ. ಒಲೆ ಭರ್ರೆಂದು ಉರಿಯುತ್ತಿತ್ತು, ನೀರು ಕೊತಕೊತ ಕುದಿಯುತ್ತಿತ್ತು. ನನ್ನಾಕೆ ಲೋಟಕ್ಕೆ ಬಗ್ಗಿಸಿಕೊಂಡು ಗುಟುಕರಿಸಿದಳು.

"ನೀರು ತಣ್ಣಗೆ ಕೊರೀತಿದೆ ರೀ!"

ನಜ್ಲಾ ದೋಣಿ ಹತ್ತಿದ್ದನ್ನು ನನ್ನ ಭಾವಮೈದುನ ಕಂಡಿದ್ದ. ಆಚೆ ದಡದಲ್ಲಿ ಇಳಿದದ್ದನ್ನು ಕಂಡವರು ಸಿಗಲಿಲ್ಲ. ಅವಳಿಗಾಗಿ ಬದುಕಿದವರ ಪ್ರಾರ್ಥನೆ ಹೇಳಬೇಕೋ, ಸತ್ತವರದೋ, ನನಗೆ ಇಂದಿಗೂ ತಿಳಿಯದು.