ಎಣ್ಣೆ ಕುಡಿಯದ ಜಾಗ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಪಿಕಪ್ಪಿನ ಹಲಗೆಗಳಿಗೆ ಅಗಸೆ ಎಣ್ಣೆ ಹಚ್ಚುವುದು ನಾನೇ. ಹಚ್ಚದಿದ್ದರೆ ಕುರಿ ಉಚ್ಚೆ ಮರವನ್ನು ತಿಂದುಬಿಡುತ್ತದೆ. ಈ ಸಲ ಹೆಂಡತಿಯ ತಮ್ಮ ಉರುಕುಂದ ಗಾಡಿ ಒಯ್ದು ತಂದ ಮರುದಿನ ಹಚ್ಚಿದೆ. ಹಲಗೆಗಳೆಲ್ಲ ಎಣ್ಣೆ ಕುಡಿದವು. ನಡುವೆ ಒಂದು ಕಡೆ ಮಾತ್ರ ಅದು ಬೆವರಿನಂತೆ ಹನಿಹನಿಯಾಗಿ ನಿಂತಿತು. ಮಟಮಟ ಮಧ್ಯಾಹ್ನ, ಬಾಗಿಲಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಆ ಜಾಗ ತಣ್ಣಗಿತ್ತು.

ಎಣ್ಣೆ ಆರಿದ ಮೇಲೆ ಕುರಿ ಹೇರಿದೆ. ಒಂದರ ಮೇಲೊಂದು ಬಿದ್ದು ಒತ್ತಿಕೊಂಡರೂ ಅವು ಆ ಜಾಗ ತುಳಿಯಲಿಲ್ಲ. ಯಾರೋ ನನ್ನ ಸೀಟಿಗೆ ಬೆನ್ನು ಹಾಕಿ, ಮೊಣಕಾಲು ಮಡಚಿ ಮಲಗಿದಷ್ಟು ಜಾಗ ಖಾಲಿ.

ನನ್ನ ಪಿತ್ತ ನೆತ್ತಿಗೇರಿತು. ಉರುಕುಂದನ ಕೊರಳಪಟ್ಟಿ ಹಿಡಿದೆ. “ಹೆಣ ಹೇರಿದ್ದಿಯೇನಲೇ, ಕತ್ತೆ? ಹೇಳಿದ್ರ ತೊಳೀತಿದ್ದೆ. ಅದರ ಮ್ಯಾಲೇ ಎಣ್ಣಿ ಹಚ್ಚಿಬಿಟ್ಟೆನಲ್ಲೋ!”

“ಹೆಣ ಅಲ್ಲ ಮಾವ, ನಿನ್ನಾಣಿ. ಹಾಲಹರವಿ ಹತ್ರ ಒಬ್ಬಾಕಿ ಮುದುಕಿ ಕೈ ಮಾಡಿದ್ಳು. ನಡ ನೋಯ್ತೈತಿ ಅಂತ ಹಿಂದ ಮಕ್ಕೊಂಡ್ಳು. ಆದೋನಿಗೆ ಬಂದು ನೋಡಿದ್ರ ಇರ್ಲಿಲ್ಲ. ದಾರ್ಯಾಗ ಇಳಿದಿರಬೇಕು.”

“ಗಾಡಿ ಎಲ್ಲಿ ನಿಂದ್ರಿಸಿದ್ದಿ?”

“ಎಲ್ಲೂ ನಿಂದ್ರಿಸಿಲ್ಲ.”

ಅದೇ ಸಿಟ್ಟಿನಲ್ಲಿ ಹಚ್ಚಿದ ಎಣ್ಣೆಯನ್ನೆಲ್ಲ ಕೆರೆದು ತೆಗೆದೆ. ಅರಿಶಿನ ನೀರು ಸುರಿದು ಹಲಗೆಗಳನ್ನು ತೊಳೆದೆ. ನಿನ್ನೆ ಮತ್ತೆ ಕುರಿ ಹೇರಿದೆ. ಅಷ್ಟೇ ಜಾಗ ಬಿಟ್ಟು ನಿಂತವು. ಆದರೆ ಅದು ಮಗ್ಗುಲು ಬದಲಿಸಿತ್ತು. ಮಡಚಿದ ಮೊಣಕಾಲು ಈಗ ನನ್ನ ಸೀಟಿನ ಕಡೆಗಿತ್ತು.