ಖಾಲಿ ಕಟ್ಟೆಯ ಅರವತ್ತು ಕಿಲೊ

ಇದು ನಡೆದದ್ದು ಹಾಡುಹಗಲಿನಲ್ಲಿ, ಅದಕ್ಕೇ ನನಗೆ ಇನ್ನೂ ಬಗೆಹರಿದಿಲ್ಲ.

ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಯಶವಂತನಗರದ ಹತ್ತಿರ ಅದಿರು ಲಾರಿ ತೂಗುವ ವೇಬ್ರಿಡ್ಜ್ ಕಟ್ಟೆಯ ಕಂಪ್ಯೂಟರ್, ಬೆಳಿಗ್ಗೆ ಬಂದ ಅಪ್‌ಡೇಟಿನಿಂದ ಕೆಟ್ಟು ನೀಲಿ ತೆರೆಯಲ್ಲೇ ನಿಂತುಬಿಟ್ಟಿತ್ತು. ಹೊರಗೆ ಲಾರಿಗಳ ಸಾಲು. ಸೇಫ್ ಮೋಡಿನಲ್ಲಿ ತೆರೆದು ಆ ಅಪ್‌ಡೇಟ್ ಕಿತ್ತುಹಾಕಿದೆ. ಯಂತ್ರ ಎದ್ದಿತು. ಖಾಲಿ ಕಟ್ಟೆಯ ಮೇಲೆ ಅರವತ್ತು ಕಿಲೊ ತೋರಿಸಿತು.

ಸೊನ್ನೆಗೆ ತರಲು ಹೋದರೆ ತೂಕ ಬರೆಯುವ ಗಂಗೋತ್ರಿ, "ಬ್ಯಾಡ್ರಿ" ಎಂದರು. ತೂಗುವ ಮುಂಚೆ ಡ್ರೈವರನ್ನು ಇಳಿಸುವ ಹಾಗೆಯೇ ಕಿಟಕಿ ಸರಿಸಿ ಕರೆದರು: "ಪಾಲಯ್ಯಣ್ಣ, ಕೆಳಗ ಇಳೀರಿ."

ಅಂಕಿ ಸೊನ್ನೆಯಾಯಿತು.

"ನನಗಿಂತ ಮೊದ್ಲು ಈ ಕುರ್ಚಿ ಅವರದಿತ್ರಿ. ತೀರಿಕೊಂಡು ಎರಡು ವರ್ಷಾತು, ಆದ್ರೂ ದಿನಾ ಕಟ್ಟಿ ಮ್ಯಾಲೆ ಬಂದು ನಿಲ್ತಾರ."

ಹೊಸಪೇಟೆಗೆ ಮರಳುವಾಗ ಸಂಡೂರು ದಾಟಿದ ಮೇಲೆ ಏರಿನಲ್ಲಿ ನನ್ನ ಬೈಕ್ ಎಳೆಯಲಿಲ್ಲ. ಇಳಿದು ಚಕ್ರದ ಗಾಳಿ ನೋಡಿದೆ, ಸರಿಯಾಗಿತ್ತು. ಅಂಥ ಬಿಸಿಲಲ್ಲಿ ಹಿಂದಿನ ಸೀಟು ತಣ್ಣಗಿತ್ತು.

ಸಂಜೆ ಗಂಗೋತ್ರಿ ಫೋನ್ ಮಾಡಿದರು. "ಕಟ್ಟಿ ಮ್ಯಾಲೆ ಈಗ ಬರೇ ಸೊನ್ನೆ ಐತ್ರಿ. ಪಾಲಯ್ಯಣ್ಣನ ಮನಿ ನಿಮ್ಮ ಹೊಸಪೇಟ್ಯಾಗ ಇತ್ತು. ಎಲ್ಲಿ ಇಳಿದ್ರು?"

ಎಂಟು ದಿನದಿಂದ ಬೈಕ್ ನನ್ನ ಅಂಗಡಿಯ ಮುಂದೆ ಬಿಸಿಲಲ್ಲೇ ನಿಂತಿದೆ. ಹಿಂದಿನ ಸೀಟು ಇನ್ನೂ ತಣ್ಣಗಿದೆ.